ಐದು ಬಳೆಯ ಹಾಳೆ

ಏಪ್ರಿಲ್ ೮, ಮಂಗಳವಾರ

ಬೆಳಗಿನ ಜಾವ ಕೆಟ್ಟ ಕನಸು. ನಿಶಿ ಕಸಾಯಿಯ ಇದೇ ಮನೆ, ಇದೇ ನಾಲ್ಕನೇ ಮಹಡಿ. ಚಾಪೆಯ ಅಂಚಿನಿಂದ ನೀರು ಒಸರುತ್ತಿದೆ. ಸದ್ದಿಲ್ಲ, ಅವಸರವಿಲ್ಲ, ಊರಿನ ಹೊಳೆಗೆ ಉಬ್ಬರ ಏರುವ ಹಾಗೆ. ನಡುವೆ ಅಜ್ಜ ಕೂತು ಕಾಗದ ಚಾಚಿ "ಓದು ಮಗಾ" ಅನ್ನುತ್ತಾನೆ. ನಾನು ಬಗ್ಗಿದರೆ ಅಕ್ಷರಗಳು ಒಂದೊಂದಾಗಿ ಹಾಳೆ ಬಿಟ್ಟು ಮರಿಮೀನಿನಂತೆ ಈಜಿ ಹೋಗುತ್ತಿವೆ. ಖಾಲಿ ಹಾಳೆ ಹಿಡಿದುಕೊಂಡು ನಾನು ಬಾಯಿಗೆ ಬಂದದ್ದನ್ನು ಓದಿ ಹೇಳುತ್ತಿದ್ದೆ. ಅಜ್ಜ ತಲೆದೂಗುತ್ತಿದ್ದ. ನೀರಿಗಿಂತ ಅದೇ ಹೆಚ್ಚು ಹೆದರಿಕೆಯಾಯಿತು.

ಎದ್ದು ಗ್ಯಾಸಿನ ತಿರುಗಣೆ ನೋಡಿದೆ. ಬಾಗಿಲ ಚಿಲಕ ನೋಡಿದೆ. ಮತ್ತೆ ಗ್ಯಾಸು ನೋಡಿದೆ. ಬಾಗಿಲ ಪಕ್ಕದ ಭೂಕಂಪದ ಚೀಲ ಬಿಚ್ಚಿ ಟಾರ್ಚು, ನೀರು, ಪ್ಲಾಸ್ಟಿಕ್ ಹಾಳೆ, ಬಿಸ್ಕತ್ತು, ಪಾಸ್‌ಪೋರ್ಟ್ ಎಲ್ಲ ಇದೆಯೇ ಅಂತ ಎಣಿಸಿ ಮತ್ತೆ ಕಟ್ಟಿಟ್ಟೆ. ಇವರು ಹಾಸಿಗೆಯಿಂದಲೇ ನಕ್ಕರು. "ಸುನಾಮಿ ಬಂದ್ರೆ ಅದಕ್ಕೂ ಒಂದು ಟಿಫಿನ್ ಕಟ್ಟಿ ಕೊಟ್ಟು ಕಳಿಸ್ತೀಯಾ ನೀನು."

ಹನ್ನೊಂದು ವರ್ಷದಿಂದ ಈ ಟೋಕಿಯೋದಲ್ಲಿದ್ದೇನೆ. ಇವರು ಕಂಪ್ಯೂಟರ್ ಕೆಲಸಕ್ಕೆ ಹೋಗುತ್ತಾರೆ, ನಾನು ಏಳು ಜನಕ್ಕೆ ಊಟದ ಡಬ್ಬಿ ಕಟ್ಟುತ್ತೇನೆ. ಇಷ್ಟು ವರ್ಷವಾದರೂ ಒಬ್ಬಳೇ ರೈಲು ಹತ್ತಿ ಎರಡು ಸ್ಟೇಷನ್ ಆಚೆ ಹೋದವಳಲ್ಲ. ಬೋರ್ಡು ತಪ್ಪು ಓದಿದರೆ, ಬಾಗಿಲು ಮುಚ್ಚಿಬಿಟ್ಟರೆ, ಯಾರಾದರೂ ಏನಾದರೂ ಕೇಳಿದರೆ.

ಕನಸಿಗೆ ಕಾರಣ ನಿನ್ನೆ ಬಂದ ಪ್ರದೀಪನ ಫೋನು. ಪ್ರದೀಪ ನನ್ನ ತಮ್ಮ, ಊರಲ್ಲೇ, ಕುಮಟಾದ ಹತ್ತಿರದ ಕಂಚಿಕುರ್ವೆಯಲ್ಲಿದ್ದಾನೆ. ಅಲ್ಲಿ ಅಘನಾಶಿನಿ ಹೊಳೆಯ ಪಕ್ಕ ನಮ್ಮದೊಂದು ಗಜನಿ ಭೂಮಿ ಇದೆ. ಅಜ್ಜನ ಅಜ್ಜ ಹಮ್ಮಣ್ಣ ನಾಯಕರು ಹೊಳೆಯ ಕೆಸರಿಗೆ ಮಣ್ಣಿನ ಕಟ್ಟೆ ಹಾಕಿ ಉಪ್ಪುನೀರು ತಡೆದು ಮಾಡಿದ ಗದ್ದೆ. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಆಮೇಲೆ ಮೀನು. ಆರು ವರ್ಷದ ಹಿಂದೆ ನೆರೆಗೆ ಕಟ್ಟೆ ಒಡೆದದ್ದು ಒಡೆದೇ ಇದೆ. ಈಗ ಅದನ್ನು ಸಿಗಡಿ ಸಾಕುವವರಿಗೆ ಕೊಡೋಣವೆಂದು ಪ್ರದೀಪ ಕಾಗದಪತ್ರ ಮಾಡಿಸಲು ಹೋದರೆ ಸರ್ಕಾರದ ನೋಟೀಸು ಬಂದಿದೆ. ೧೮೮೬ರಲ್ಲಿ ಬ್ರಿಟಿಷ್ ಸರ್ಕಾರ ಅಳೆದು ಕಲ್ಲು ನೆಟ್ಟಿದೆಯಂತೆ, ಕಲ್ಲಿನಿಂದ ಹೊಳೆಯ ಕಡೆಗಿರುವುದೆಲ್ಲ ಸರ್ಕಾರದ್ದಂತೆ, ತಕರಾರಿದ್ದರೆ ಮೇ ೯ಕ್ಕೆ ದಾಖಲೆ ತರಬೇಕಂತೆ. ನೋಟೀಸಿನಲ್ಲಿ ಅವನ ಹೆಸರಿನ ಕೆಳಗೆ ನನ್ನದೂ ಇದೆ. ಅನಸೂಯಾ ಕೋಂ ಚಂದ್ರಮೋಹನ್. ಭೂಮಿ ಇಬ್ಬರ ಹೆಸರಲ್ಲಿದೆ. ನನ್ನ ಹೆಸರು ಸರ್ಕಾರಕ್ಕೆ ಹೇಗೆ ಗೊತ್ತಾಯಿತು ಅಂತ ಯೋಚಿಸಿಯೇ ಅರ್ಧ ದಿನ ಹೋಯಿತು.

ದಾಖಲೆ ಅಂದರೆ ಅಜ್ಜನ ತಗಡಿನ ಡಬ್ಬಿ. ಅದು ಇಲ್ಲಿ, ನನ್ನ ಕಪಾಟಿನ ಮೇಲಿದೆ. ಅಲ್ಲೇ ಬಿಟ್ಟರೆ ಗೆದ್ದಲು ತಿನ್ನುತ್ತದೆ, ಓದಲು ಬರುವುದು ನಿನಗೊಬ್ಬಳಿಗೇ, ಅಂತ ಅಮ್ಮ ಹೊರಡುವ ದಿನ ಸೂಟ್‌ಕೇಸಿನಲ್ಲಿ ತುರುಕಿದ್ದಳು. ಒಂದು ಸಲವೂ ತೆರೆದಿಲ್ಲ.

"ಸಾಹೇಬ ಬೇಕಂತ್ಲೇ ಅಮಾಸೆ ದಿನ ಬಂದು ಅಳೆದ ಅಂತ ಅಜ್ಜ ಹೇಳ್ತಿದ್ನಲ್ಲೆ ಅಕ್ಕ," ಅಂದ ಪ್ರದೀಪ. "ಅದು ಬರ್ಕೊಂಡಿದ್ದು ಸಿಕ್ರೆ ಸಾಕು, ಆ ಕಲ್ಲೇ ಸುಳ್ಳು ಅಂತ ವಾದ ಮಾಡ್ಬಹುದು ಅಂತಾರೆ ವಕೀಲ್ರು. ನೀ ಬೇಗ ಓದಿ ಹೇಳು."

ಬೇಗ ಅಂತೆ. ಓದಿದ್ದು ತಪ್ಪಾದರೆ?

ಏಪ್ರಿಲ್ ೧೧, ಶುಕ್ರವಾರ

ಡಬ್ಬಿ ಇನ್ನೂ ತೆರೆದಿಲ್ಲ. ಒರೆಸಿ ಮಾತ್ರ ಇಟ್ಟೆ.

ಸಂಜೆ ಪ್ರೇರಣಾ ಊಟದ ಡಬ್ಬಿಗೆ ಬಂದಳು. ಮೈಸೂರಿನ ಹುಡುಗಿ, ಗ್ಯೋಟೋಕುವಿನಲ್ಲಿ ರೂಮು, ಇಲ್ಲಿಯ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಸಮುದ್ರ ತುಂಬಿಸಿ ಮಾಡಿದ ನೆಲದ ಬಗ್ಗೆಯಂತೆ. ಅಂಥದಕ್ಕೂ ಓದು ಇದೆ. ಫ್ರಿಜ್ಜಿನ ಮೇಲೆ ನಾನು ಅಂಟಿಸಿದ ಸಾಮಾನಿನ ಚೀಟಿ ನೋಡುತ್ತ ನಿಂತುಬಿಟ್ಟಳು.

"ಆಂಟಿ, ಇದು ಯಾರ ಕೈಬರಹ?"

"ನಂದೇ. ಚೆನ್ನಾಗಿಲ್ಲ, ನೋಡ್ಬೇಡ."

"ಅಯ್ಯೋ, ಇದು ಹಳೇ ಶಾನುಭೋಗರ ಮೋಡಿ ಥರ ಇದೆ! ಪೆನ್ನು ಎತ್ತೇ ಇಲ್ಲ ನೀವು. ಇಲ್ಲೇನಿದೆ, ತೊಗರಿಬೇಳೆ?"

"ತೊಗರಿಬೇಳೆ ಇಂಗು ಸೋಪು."

"ಮೂರೂ ಸೇರ್ಕೊಂಡು ಒಂದೇ ಪದ ಆಗಿದೆ! ಇಂಥ ಅಕ್ಷರ ಓದೋರನ್ನ ಎರಡು ವರ್ಷದಿಂದ ಹುಡುಕ್ತಿದೀನಿ. ನೀವು ನೋಡಿದ್ರೆ ಇಲ್ಲಿ ಬಿಸಿಬೇಳೆಬಾತ್ ಮಾಡ್ತಾ ಕೂತಿದೀರ."

ನಾಚಿಕೆಯಾಯಿತು. ನನ್ನ ಓದು ಅರ್ಧಕ್ಕೆ ನಿಂತದ್ದೇ ಈ ಅಕ್ಷರದಿಂದ. ಎಂಟನೇ ಇಯತ್ತೆಯಲ್ಲಿದ್ದಾಗ ಅಜ್ಜನ ಕಣ್ಣು ಹೋಯಿತು. ಊರವರ ಹಳೆ ಕಾಗದ ಓದಿ ಹೇಳುವುದು ಅವನ ಕೆಲಸ. ಅದಕ್ಕೊಂದು ಜೊತೆ ಕಣ್ಣು ಬೇಕಾಯಿತು, ಮನೆಯಲ್ಲಿ ಖಾಲಿ ಇದ್ದದ್ದು ನನ್ನದು. ಒಂದು ವರ್ಷ ಬಿಟ್ಟು ಸೇರಿಸೋಣ ಅಂದರು, ಸೇರಿಸಲಿಲ್ಲ. ಇಂಗ್ಲಿಷ್ ಅರ್ಜಿ ತುಂಬಲು ಈಗಲೂ ಇವರನ್ನೇ ಕರೆಯುವ ನನಗೆ ಸತ್ತವರ ಅಕ್ಷರ ಮಾತ್ರ ಸರಾಗ.

ಡಬ್ಬಿಯ ವಿಷಯ ಹೇಳಿಬಿಟ್ಟೆ. ಹೇಳಬಾರದಿತ್ತೇನೋ.

ಏಪ್ರಿಲ್ ೧೨, ಶನಿವಾರ

ತೆರೆದೆ. ಕರ್ಪೂರದ ವಾಸನೆ, ಅಜ್ಜನ ನಶ್ಯದ ವಾಸನೆ. ಹದಿಮೂರು ಹಾಳೆ. ಶಾಯಿ ಮಾಸಿದೆ, ಭೂಕಂಪದ ಚೀಲದ ಟಾರ್ಚು ತೆಗೆದು ಓರೆಯಾಗಿ ಹಿಡಿದರೆ ಕಾಣುತ್ತದೆ. ಅಷ್ಟೇ ಮಾಡಿದೆ.

ಏಪ್ರಿಲ್ ೧೫, ಮಂಗಳವಾರ

ಪ್ರೇರಣಾ ಲ್ಯಾಪ್‌ಟಾಪ್ ತಂದಳು. ನಾನು ಓದುತ್ತ ಹೋದೆ, ಅವಳು ಬರೆದುಕೊಂಡಳು. ಮೊದಲ ಸಾಲನ್ನು ಎರಡೆರಡು ಸಲ ಓದಿದೆ, ಮೂರನೆಯದಕ್ಕೆ ಸಲೀಸಾಯಿತು. ಸೈಕಲ್ಲಿನ ಹಾಗೆ.

ಮೊದಲ ಎಂಟು ಹಾಳೆ ಹಮ್ಮಣ್ಣ ನಾಯಕರು ಕಲೆಕ್ಟರ್ ಸಾಹೇಬರಿಗೆ ಬರೆದ ಅರ್ಜಿಗಳ ನಕಲು. ಏನು ಜೋರು! 'ಹೊಳೆಯನ್ನು ನಾವು ತುಂಬಿದ್ದಲ್ಲ. ನಮ್ಮ ಹಿರಿಯರ ನೆಲವನ್ನು ಹೊಳೆ ನುಂಗಿತ್ತು, ನಾವು ಅದರ ಬಾಯಿಂದ ಬಿಡಿಸಿಕೊಂಡೆವು. ಬಿಡಿಸಿಕೊಂಡವನದೋ ನೆಲ, ನಿಂತು ನೋಡಿದ ಸರ್ಕಾರದ್ದೋ?' ಪ್ರೇರಣಾ ಮೇಜು ಕುಟ್ಟಿದಳು. ಸರ್ಕಾರದ ಮಾತೂ ಅವರ ಬಾಯಲ್ಲೇ ಸಿಕ್ಕಿತು: ಉಬ್ಬರದ ನೀರು ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ ರಾಣಿಯ ಸರ್ಕಾರದ್ದು.

ಎಂಟನೆಯ ಹಾಳೆಯಲ್ಲಿ ಅದು ಇತ್ತು. 'ಸಾಹೇಬರು ಬೇಕೆಂದೇ ಅಮಾವಾಸ್ಯೆಯ ಉಬ್ಬರದಂದು ಬಂದು ಅಳತೆ ಮಾಡಿಸಿದ್ದರಿಂದ ನಮಗೆ ಅನ್ಯಾಯವಾಗಿದೆ.'

"ಅಮಾವಾಸ್ಯೆ ಆದ್ರೇನಂತೆ ಆಂಟಿ?"

ಅವಳಿಗೆ ಗೊತ್ತಿಲ್ಲ! ಮೈಸೂರಿನವಳಲ್ಲವೇ. ಹೇಳಿಕೊಟ್ಟೆ. ಅಮಾವಾಸ್ಯೆಗೂ ಹುಣ್ಣಿಮೆಗೂ ನೀರು ಎಲ್ಲಕ್ಕಿಂತ ಮೇಲೆ ಬರುತ್ತದೆ. ಅಷ್ಟಮಿಯ ಆಸುಪಾಸು ಉಬ್ಬರ ಇದ್ದೂ ಇಲ್ಲದ ಹಾಗೆ. ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಪಿಎಚ್‌ಡಿ ಹುಡುಗಿ ನಾನು ಹೇಳಿದ್ದನ್ನು ಬರೆದುಕೊಂಡಳು, ನನ್ನ ಹೆಸರು ಸಮೇತ.

ಪ್ರದೀಪನಿಗೆ ಫೋನು ಮಾಡಿದೆ. ಕುಣಿದ. "ಅಕ್ಕ, ನೀನು ಜಪಾನಲ್ಲಿ ಇರಬೇಕಾದವಳೇ ಅಲ್ಲ, ಹೈಕೋರ್ಟಲ್ಲಿ ಇರಬೇಕಾದವಳು!"

ನಾಳೆಯ ಡಬ್ಬಿಗೆ ಹುಳಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ. ರುಚಿ ನೋಡಬೇಕು.

ಏಪ್ರಿಲ್ ೧೮, ಶುಕ್ರವಾರ

ಒಂಬತ್ತರಿಂದ ಹದಿಮೂರು ಬರೀ ಸರ್ಕಾರದ ಉತ್ತರಗಳು, 'ಪರಿಶೀಲಿಸಲಾಗುವುದು' ಅನ್ನುವಂಥವು. ನೂರ ನಲವತ್ತು ವರ್ಷದಲ್ಲಿ ಆ ಒಂದು ಮಾತು ಸ್ವಲ್ಪವೂ ಹಳತಾಗಿಲ್ಲ.

ಹದಿನಾಲ್ಕನೆಯದು ಬೇರೆಯಾಗಿ, ನಾಲ್ಕು ಮಡಿಕೆಯಾಗಿ, ಡಬ್ಬಿಯ ತಳದ ಕಾಗದದ ಕೆಳಗಿತ್ತು. ಬಿಚ್ಚುವಾಗ ನೆನಪಾಯಿತು. ನನಗೆ ಹದಿನಾಲ್ಕಿದ್ದಾಗ ಒಮ್ಮೆ ಇದನ್ನೇ ಕೈಗೆತ್ತಿಕೊಂಡಿದ್ದೆ. ಅಜ್ಜ ಬೆರಳಿನಿಂದ ಕಾಗದ ಸವರಿ ನೋಡಿ "ಅದು ಬ್ಯಾಡ, ಮುಂದಿಂದು ಓದು" ಅಂದಿದ್ದ. ಕಣ್ಣಿಲ್ಲದವನಿಗೆ ಯಾವ ಹಾಳೆ ಅಂತ ಹೇಗೆ ಗೊತ್ತಾಯಿತು ಅಂತ ಆಗ ಆಶ್ಚರ್ಯಪಟ್ಟಿದ್ದೆ, ಅಷ್ಟೇ.

ಅದು ಅಳತೆಯ ದಿನದ ಪಂಚನಾಮೆ. ಸರ್ಕಾರದ ಗುಮಾಸ್ತನ ಕೈ, ಅಂದವಾಗಿದೆ. ತಾರೀಕು ೧೩ ಮಾರ್ಚಿ ೧೮೮೬, ಶನಿವಾರ. ಹಮ್ಮಣ್ಣ ನಾಯಕರ ಎದುರಿನಲ್ಲಿ ಕಟ್ಟೆಯ ತೂಬಿನ ಹಲಗೆ ಎತ್ತಿಸಿ ಹೊಳೆಯ ನೀರು ಒಳಗೆ ಬಿಟ್ಟು, ಉಬ್ಬರ ತುಂಬುವವರೆಗೆ ಕಾದು, ನೀರು ಬಂದು ನಿಂತ ಕಡೆ ಕಲ್ಲು ನೆಟ್ಟಿದ್ದಾರೆ. ತಿಥಿ ಬರೆದಿಲ್ಲ. ಕೆಳಗೆ ಹಮ್ಮಣ್ಣ ನಾಯಕರ ರುಜು. ಅದರ ಕೆಳಗೆ ಐದು ಸೊನ್ನೆ.

"ಇದೇನು ಆಂಟಿ, ಜೀರೋ ಜೀರೋ? ಸರ್ವೇ ನಂಬರಾ?"

ಟಾರ್ಚು ಹತ್ತಿರ ಹಿಡಿದೆ. ಒಂದು ಸೊನ್ನೆ ದೊಡ್ಡದು, ಒಂದು ಓರೆ, ಒಂದಕ್ಕೆ ಎರಡು ಗೆರೆ. "ಸೊನ್ನೆ ಅಲ್ಲ ಪ್ರೇರಣಾ. ಬಳೆ."

ಓದು ಬಾರದ ಗಂಡಸರು ರುಜುವಿನ ಬದಲು ನೇಗಿಲು ಬರೆಯುತ್ತಿದ್ದರು, ಹೆಂಗಸರು ಬಳೆ. ಬಳೆ ನಿಶಾನಿ. ಪಕ್ಕದಲ್ಲಿ ಗುಮಾಸ್ತ ಹೆಸರು ಬರೆದಿದ್ದಾನೆ: ದೇವಿ, ಬುದವಂತಿ, ಮಾಸ್ತಿ, ಸುಕ್ರಿ, ಇನ್ನೊಬ್ಬಳು ದೇವಿ. 'ನಾವು ಈ ಕೆಸರಿನಲ್ಲಿ ನಮ್ಮ ತಾಯಂದಿರ ಕಾಲದಿಂದ ಬಳಚಿನ ಚಿಪ್ಪು ಹೆಕ್ಕುವವರು. ಕಟ್ಟೆ ಆಗುವ ಮೊದಲು ಇಲ್ಲಿ ಗದ್ದೆ ಇದ್ದದ್ದನ್ನು ನಾವು ಕಂಡಿಲ್ಲ, ಹಿರಿಯರಿಂದ ಕೇಳಿಯೂ ಇಲ್ಲ. ನೀರು ಕಲ್ಲಿನವರೆಗೆ ಬಂದದ್ದು ನಿಜ.'

ಪ್ರೇರಣಾ ಕೊನೆಯ ಸಾಲಿನವರೆಗೂ ಬರೆದುಕೊಂಡಳು. ಆಮೇಲೆ ಮೆಲ್ಲಗೆ "ಆಂಟಿ, ಅವತ್ತು ಅಮಾವಾಸ್ಯೆನೇ ಅಲ್ವಾ?" ಅಂದಳು.

ಅಜ್ಜ ಹೇಳಿದ್ದಾನೆ, ಅರ್ಜಿಯಲ್ಲಿದೆ. ಆದರೂ ಆ ಐದು ಬಳೆ ಬಿಡುತ್ತಿಲ್ಲ. ಯಾವಳಿಗೆ ಎರಡು ಗೆರೆಯ ಬಳೆ ಬರೆಯಬೇಕು ಅನ್ನಿಸಿತು? ಸುಕ್ರಿಯ ಬಳೆ ಅದು. ಅವಳ ಕೈಯಲ್ಲಿ ನಿಜಕ್ಕೂ ಜೋಡಿ ಬಳೆ ಇತ್ತೇ?

ಏಪ್ರಿಲ್ ೨೦, ಭಾನುವಾರ

ನೆಲಮಹಡಿಯ ಕವಾಗುಚಿ ಸಾನ್ ಅವರಿಗೆ ಎಂಬತ್ತೊಂದು. ಅವರಿಗೆ ನಾನು ಆಗಾಗ ಕೋಸಂಬರಿ ಕೊಡುತ್ತೇನೆ, ಅವರು ಮೂಲಂಗಿ ಕೊಡುತ್ತಾರೆ. ಮಾತಿನ ವ್ಯಾಪಾರ ಕಡಿಮೆ. ಇವತ್ತು ಮೂಲಂಗಿ ಇಸಕೊಳ್ಳಲು ಹೋದಾಗ ಅವರ ಅಡಿಗೆಮನೆಯ ಗೋಡೆಯಲ್ಲಿ ಗಾಳದ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಕಂಡಿತು. ಪ್ರತಿ ದಿನದ ಕೆಳಗೂ ಒಂದೊಂದು ಅಕ್ಷರ, ಪಕ್ಕದಲ್ಲಿ ಪುಟ್ಟ ಚಂದ್ರ. ಮೇಲೆ ಓಡಿ ನೇಹಾಳನ್ನು ಎಳೆದುಕೊಂಡು ಬಂದೆ. ಹದಿಮೂರು ವರ್ಷದ ಮಗಳು, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲೋ ಜಪಾನಿಯಲ್ಲೋ ಉತ್ತರ ಕೊಡುತ್ತಾಳೆ.

"ಮಮ್ಮಾ, ಇಟ್ ಸೇಸ್ ಬಿಗ್ ಟೈಡ್, ಮಿಡಲ್ ಟೈಡ್, ಸ್ಮಾಲ್ ಟೈಡ್. ವೈ?"

ಹದಿಮೂರನೇ ತಾರೀಕು, ಹುಣ್ಣಿಮೆ: ದೊಡ್ಡ ಉಬ್ಬರ. ನಾಳೆ ಇಪ್ಪತ್ತೊಂದು, ಅರ್ಧ ಚಂದ್ರ: ಸಣ್ಣ ಉಬ್ಬರ. ನಾನು ಆ ಚೌಕದ ಮೇಲೆ ಬೆರಳಿಟ್ಟು "ಅಷ್ಟಮಿ!" ಅಂತ ಕೂಗಿದೆ. ಕವಾಗುಚಿ ಸಾನ್ ಬೆಚ್ಚಿಬಿದ್ದರು. ಸುಮಿಮಾಸೆನ್ ಅಂತ ಕ್ಷಮೆ ಕೇಳಿದೆ. ಅವರು ನಕ್ಕು ಕುರ್ಚಿ ತೋರಿಸಿದರು.

ಆಮೇಲೆ ಅವರು ಹೇಳಿದ್ದನ್ನು ನೇಹಾ ತುಂಡು ತುಂಡಾಗಿ ಹೇಳಿದಳು. ಅವರದು ಕಸಾಯಿಯ ಸಮುದ್ರದಲ್ಲಿ ತಿನ್ನುವ ಪಾಚಿ ಬೆಳೆಯುತ್ತಿದ್ದ ಮನೆತನ. ಅವರ ತಾತನಿಗೆ ದಡದಲ್ಲಿ ಗದ್ದೆ ಇತ್ತು. ನೆಲವೇ ಕುಸಿದು ಕುಸಿದು ಗದ್ದೆ ಸಮುದ್ರದ ಕೆಳಗೆ ಹೋಯಿತು. ಹುಡುಗನಾಗಿದ್ದಾಗ ಕವಾಗುಚಿ ಸಾನ್ ತಮ್ಮ ಗದ್ದೆಯ ಮೇಲೆ ದೋಣಿ ಬಿಡುತ್ತಿದ್ದರಂತೆ. ಅಪ್ಪ ಮಾತ್ರ ಗದ್ದೆಯ ಕಾಗದವನ್ನು ದೇವರ ಗೂಡಿನ ಕೆಳಗಿನ ಖಾನೆಯಲ್ಲಿ ಜೋಪಾನ ಮಾಡಿದ್ದರು. ಮುಂದೆ ಸರ್ಕಾರ ಸಮುದ್ರ ತುಂಬಿಸಿತು. ಯಾವುದು ಯಾರದು ಅಂತ ವರ್ಷಗಟ್ಟಲೆ ಚರ್ಚೆ.

"ಎಹ್ಹ್, ಹೊಂತೋ?" ಅಂತ ನೇಹಾ ಕಣ್ಣರಳಿಸಿ ಕೇಳಿದಳು, ನಿಜವಾಗಿಯೂ ಅಂತ. "ಮಮ್ಮಾ, ವಿ ಆರ್ ಸ್ಲೀಪಿಂಗ್ ಆನ್ ದ ಸೀ!"

ಇದನ್ನು ಎರಡು ವಾರದ ಹಿಂದೆ ಕೇಳಿದ್ದರೆ ನಾನು ಮನೆ ಬದಲಿಸೋಣ ಅನ್ನುತ್ತಿದ್ದೆನೋ ಏನೋ. ಇವತ್ತು ಕೇಳಿದ್ದು ಬೇರೆ: ಯಾವ ದಿನ ಅಳೆದರು ಅಂತ ಕೇಳು ನೇಹಾ.

ಮುದುಕರು ತೊಡೆ ತಟ್ಟಿ ನಕ್ಕರು. ಅವರ ಅಪ್ಪ ತಮಾಷೆಗೆ ಹೇಳುತ್ತಿದ್ದರಂತೆ, ಹುಣ್ಣಿಮೆ ದಿನ ಅಳೆದರೆ ಸಮುದ್ರದ್ದು, ಅರ್ಧ ಚಂದ್ರನ ದಿನ ಅಳೆದರೆ ನಮ್ಮದು.

೧೮೮೬ ಅಂದರೆ ಅವರ ಲೆಕ್ಕದಲ್ಲಿ ಮೇಜಿ ಹತ್ತೊಂಬತ್ತು. ಅವತ್ತಿನ ಚಂದ್ರ ಹೇಗಿದ್ದ ಅಂತ ಹುಡುಕಬಹುದಂತೆ. ಶಾಲೆಯ ಟ್ಯಾಬಿನಲ್ಲಿ ನೋಡುತ್ತೇನೆ ಅಂದಿದ್ದಾಳೆ ನೇಹಾ, ಹೋಮ್‌ವರ್ಕ್ ಮುಗಿದ ಮೇಲೆ. ಹೋಮ್‌ವರ್ಕ್ ಆಮೇಲೆ ಮಾಡು ಅಂದೆ. ನಾನೇ ಅಂದೆ.

ಏಪ್ರಿಲ್ ೨೧, ಸೋಮವಾರ

ಅರ್ಧ ಚಂದ್ರ.

೧೮೮೬ರ ಆ ಶನಿವಾರದ್ದು ಮೂರು ಕಡೆ ನೋಡಿಸಿದೆ. ಮೂರರಲ್ಲೂ ಅರ್ಧ. ಪ್ರೇರಣಾ ಹಳೆ ಪಂಚಾಂಗದ ಲೆಕ್ಕ ಹಾಕಿ ಹೇಳಿದಳು: ಪಾರ್ಥಿವ ಸಂವತ್ಸರ, ಫಾಲ್ಗುಣ ಶುದ್ಧ ಅಷ್ಟಮಿ.

ಸಾಹೇಬ ಬಂದದ್ದು ನೀರು ಎಲ್ಲಕ್ಕಿಂತ ಕಡಿಮೆ ಬರುವ ದಿನ. ಆ ದಿನವೂ ನೀರು ಕಲ್ಲಿನವರೆಗೆ ಬಂದಿತ್ತು. ಹಮ್ಮಣ್ಣ ನಾಯಕರು ಅಲ್ಲೇ ನಿಂತು ನೋಡಿ, ರುಜು ಹಾಕಿ, ಮನೆಗೆ ಬಂದು ಅಮಾವಾಸ್ಯೆ ಅಂತ ಬರೆದರು. ಅಜ್ಜನಿಗೂ ಗೊತ್ತಿತ್ತು.

ಹುಳಿ ಸೀದುಹೋಯಿತು. ಏಳು ಡಬ್ಬಿಗೂ ಮೊಸರನ್ನ.

ಏಪ್ರಿಲ್ ೨೪, ಗುರುವಾರ

ಪ್ರದೀಪನಿಗೆ ಹೇಳಿದೆ. ಹೇಳುವ ಮೊದಲು ಚೀಟಿಯಲ್ಲಿ ಬರೆದುಕೊಂಡಿದ್ದೆ, ಚೀಟಿ ನೋಡದೆಯೇ ಹೇಳಿ ಮುಗಿಯಿತು. ಅವನ ಹಿಂದೆ ಮೀನಿನ ಗಾಡಿಯ ಹಾರನ್ ಕೇಳಿಸಿತು.

"ಆ ಹಾಳೆ ಓದ್ಲಿಕ್ಕೆ ಯಾರಿಗೆ ಬರ್ತದೆ ಅಕ್ಕ?"

"ನಂಗೆ."

"ಮತ್ತೆ?"

"ಮತ್ತೆ ಯಾರಿಗೂ ಇಲ್ಲ."

"ಅದ್ಕೇ ಹೇಳೂದು. ಅದು ಡಬ್ಬಿಯಲ್ಲೇ ಇರ್ಲಿ. ಎಂಟನೇ ಹಾಳೆ ಇದ್ಯಲ್ಲ, ಅಮಾಸೆ ಅಂತ ಬರ್ದಿದ್ದು, ಅದು ಸಾಕು. ಹದಿಮೂರು ಹಾಳೆ ಕಳ್ಸು."

"ಸುಳ್ಳಲ್ವೇನೋ ಅದು?"

"ಎಂತ ಸುಳ್ಳು? ಹಮ್ಮಣ್ಣಜ್ಜ ಬರ್ದಿದ್ದು, ನೀ ಬರ್ದಿದ್ದಲ್ಲ. ನೂರು ವರ್ಷ ಮೇಲೆ ನಾವು ಬೆವರು ಸುರಿಸಿದ್ದು ಸುಳ್ಳೆ? ಅಪ್ಪ ಆ ಕಟ್ಟೆ ಮೇಲೇ ಬಿದ್ದು ಸತ್ತದ್ದು ಸುಳ್ಳೆ? ನೀ ಅಲ್ಲಿ ಕೂತ್ಕಂಡು ಚಂದ್ರನ್ನ ನೋಡು. ನಂಗೆ ಬೇರೆ ಭೂಮಿ ಇಲ್ಲ."

ಅದು ನಿಜ. ಅವನಿಗೆ ಬೇರೆ ಭೂಮಿ ಇಲ್ಲ. ಅವನ ಒಂದು ಮಾತೂ ಸುಳ್ಳಲ್ಲ, ಅದೇ ಕಷ್ಟ.

ವಕೀಲರು ಮಾಡಿದ ಅಫಿಡವಿಟ್ ಫೋನಿಗೆ ಬಂದಿದೆ. 'ನನ್ನ ಸ್ವಾಧೀನದಲ್ಲಿರುವ ಎಲ್ಲ ದಾಖಲೆಗಳನ್ನು, ಒಟ್ಟು ಹದಿಮೂರು ಹಾಳೆಗಳನ್ನು ಹಾಜರುಪಡಿಸಿರುತ್ತೇನೆ. ಬೇರೆ ಯಾವ ದಾಖಲೆ ನನ್ನ ಬಳಿ ಇರುವುದಿಲ್ಲ.' ಕೆಳಗೆ ಗೆರೆ. ಅನಸೂಯಾ.

ಇವರನ್ನು ಕೇಳಿದೆ. ಇವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. "ನಾನು ಹೇಳಿದ್ರೆ ನಾಳೆ ನನ್ನ ಮೇಲೆ ಹಾಕ್ತೀಯ. ಸಹಿ ನಿಂದು, ನೀನೇ ನೋಡ್ಕೋ."

ಸಹಿ ನನ್ನದು. ಅರ್ಥವಾಯಿತು, ಅಜ್ಜನಿಗೆ ಆ ಹಾಳೆ ಹೇಗೆ ಗೊತ್ತಾಯಿತು ಅಂತ. ಬಳೆ ಬರೆಯುವಾಗ ಆ ಹೆಂಗಸರು ಲೇಖನಿ ಒತ್ತಿ ಹಿಡಿದಿದ್ದಾರೆ, ಅಭ್ಯಾಸವಿಲ್ಲದ ಕೈ. ಕಣ್ಣು ಮುಚ್ಚಿ ನಾನೂ ಸವರಿದೆ. ಐದೂ ಸಿಕ್ಕವು.

ಏಪ್ರಿಲ್ ೨೯, ಮಂಗಳವಾರ

ಇವತ್ತು ಎಲ್ಲರಿಗೂ ರಜೆ. ಕ್ಯಾಲೆಂಡರಿನಲ್ಲಿ ದೊಡ್ಡ ಉಬ್ಬರ, ಅಂದರೆ ಇಳಿತವೂ ದೊಡ್ಡದು. ಕವಾಗುಚಿ ಸಾನ್ ಕರೆದದ್ದಕ್ಕೆ ನೇಹಾ, ಪ್ರೇರಣಾ, ನಾನು ಸಮುದ್ರದ ಕಡೆಯ ಪಾರ್ಕಿಗೆ ಚಿಪ್ಪು ಹೆಕ್ಕಲು ಹೋದೆವು. ಸಾಮಾನಿಗೆ ಬೇರೆ ಚೀಲ ಸಿಗಲಿಲ್ಲ, ಭೂಕಂಪದ ಚೀಲ ಖಾಲಿ ಮಾಡಿ ಅದನ್ನೇ ಒಯ್ದೆ.

ಅರ್ಧ ಟೋಕಿಯೋ ಅಲ್ಲಿತ್ತು. ಎಲ್ಲರ ಕೈಯಲ್ಲೂ ಪುಟ್ಟ ಕೈಗುದ್ದಲಿ, ಬಕೆಟ್ಟು. ಕೆರೆಯುತ್ತಾರೆ, ಕೆರೆಯುತ್ತಾರೆ, ನಾಲ್ಕು ಸಿಗುತ್ತವೆ. ನಾನು ಸೀರೆ ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು, ಮೊಣಕಾಲು ನೀರಿಗೆ ಹೋಗಿ ನಿಂತೆ. ಹಿಮ್ಮಡಿಯಿಂದ ಕೆಸರು ತಿರುವುತ್ತ ಹೋದರೆ ಬೆರಳ ಸಂದಿಗೆ ತಾನೇ ಬಂದು ತಾಗುತ್ತದೆ. ನಾಗಮ್ಮ ಕಲಿಸಿದ್ದು. ನಮ್ಮ ಗಜನಿಯ ಆಚೆ ಬಳಚು ಹೆಕ್ಕುವವಳು, ನಾನು ಶಾಲೆ ಬಿಟ್ಟ ವರ್ಷ ಮಧ್ಯಾಹ್ನವೆಲ್ಲ ಅವಳ ಹಿಂದೆ ತಿರುಗುತ್ತಿದ್ದೆ. "ಕಣ್ಣಲ್ಲಿ ಹುಡುಕ್ಬ್ಯಾಡ ತಂಗಿ, ಕಾಲಲ್ಲಿ ಹುಡುಕು."

ಒಂದು ಗಂಟೆಯಲ್ಲಿ ಚೀಲದ ತಳ ತುಂಬಿತು. ಸುತ್ತ ನಾಲ್ಕು ಜಪಾನಿ ಹೆಂಗಸರು ಸೇರಿದರು. ಹೇಗೆ ಅಂತ ಒಬ್ಬಾಕೆ ಕೇಳಿದರು. ನೇಹಾ ದೂರದಲ್ಲಿದ್ದಳು. ನನಗೆ ಬಂದಷ್ಟು ಜಪಾನಿಯಲ್ಲಿ ಹೇಳಿದೆ, ಉಳಿದದ್ದನ್ನು ಕಾಲಿನಿಂದ ತೋರಿಸಿದೆ. ಅವರೂ ಬೂಟು ಬಿಚ್ಚಿದರು! ಐದು ಜನ ಸಾಲಾಗಿ ನಿಂತು ಹಿಮ್ಮಡಿ ತಿರುಗಿಸುತ್ತಿದ್ದೆವು. ಪ್ರೇರಣಾ ಫೋಟೋ ತೆಗೆದಳು.

"ಆಂಟಿ, ಪಿಎಚ್‌ಡಿ ಬಿಟ್ಟು ನಿಮ್ಮ ಹತ್ರ ಸೇರ್ಕೊಳ್ಳಲಾ?"

"ಮೊದಲು ಸೀರೆ ಕಟ್ಟೋಕೆ ಕಲಿ."

ಕಟ್ಟೆ ಒಡೆದ ಮೇಲೆ ನಾಗಮ್ಮ, ಅವಳ ಸೊಸೆ, ಇನ್ನೂ ಇಪ್ಪತ್ತು ಹೆಂಗಸರು ನಮ್ಮ ಗಜನಿಯ ಒಳಗೇ ಹೆಕ್ಕುತ್ತಿದ್ದಾರಂತೆ. ಸಿಗಡಿಯವರು ಬಂದರೆ ಬೇಲಿ ಹಾಕುತ್ತಾರೆ. ಇದು ಸಂಜೆ ನಾಗಮ್ಮನ ಸೊಸೆ ಫೋನಿನಲ್ಲಿ ಹೇಳಿದ್ದು. ಪ್ರದೀಪ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮನೆಗೆ ಬಂದು ನಾಗಮ್ಮನ ಸೊಸೆಯ ನಂಬರು ಹುಡುಕಿ ಫೋನು ಮಾಡಿದೆ. ಮುದುಕಿಗೆ ನನ್ನ ದನಿಯ ಗುರುತು ಸಿಕ್ಕಿತು. ಕಲ್ಲಿನ ಹತ್ತಿರ ಈಗಲೂ ನೀರು ಬರುತ್ತದೆಯೇ ಅಂತ ಕೇಳಿದೆ.

"ಕಲ್ಲೇ? ಅದು ದಿನಾ ಮೀಯ್ತದೆ. ಅಷ್ಟಮಿ ದಿನ ಕಾಲು ತೊಳ್ಕಂತದೆ, ಅಮಾಸೆ ದಿನ ತಲೆಗೇ ಹುಯ್ಕಂತದೆ. ಎಂತಕ್ಕೆ ತಂಗಿ?"

ಎಂತಕ್ಕೆ ಅಂತ ಹೇಳಲಿಲ್ಲ. ಸುಕ್ರಿ ಅಂತ ಯಾರಾದರೂ ಇದ್ದರೇ ಅಂತ ಕೇಳಿದೆ. "ನಮ್ಮ ಅಜ್ಜಿಯ ಅಬ್ಬೆ ಹೆಸ್ರು ಸುಕ್ರಿ. ನಿಂಗ್ಯಾರು ಹೇಳಿದ್ರು?"

ಮೇ ೧, ಗುರುವಾರ

ಒರಿಜಿನಲ್ ಹಾಳೆಗಳನ್ನು ಪ್ರೇರಣಾಳ ಪ್ರೊಫೆಸರರು ಒಮ್ಮೆ ನೋಡಬೇಕೆಂದಿದ್ದರು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಗ್ಯೋಟೋಕುವಿಗೆ ಹೋಗಿ ಅವಳ ಕೈಗೆ ಕೊಟ್ಟು ಬಂದೆ. ನಾಲ್ಕೇ ಸ್ಟೇಷನ್. ರೈಲು ನದಿ ದಾಟುವಾಗ ಇಳಿತದ ಕೆಸರು ಕಾಣಿಸಿತು, ಎರಡು ಬೆಳ್ಳಕ್ಕಿ. ವಾಪಸು ಬರುವಾಗಲೂ ಕಿಟಕಿಯ ಕಡೆಯೇ ನಿಂತೆ.

ಮೂಲೆಯ ಕೊಂಬಿನಿ ಅಂಗಡಿಯ ಮೆಷಿನ್ನಿನಲ್ಲಿ ಹದಿನಾಲ್ಕೂ ಹಾಳೆ ಸ್ಕ್ಯಾನ್ ಮಾಡಿದ್ದು ಮೊನ್ನೆಯೇ. ಒಂದು ಗುಂಡಿ ಯಾವುದಕ್ಕೆಂದು ತಿಳಿಯಲಿಲ್ಲ, ಅಂಗಡಿಯ ಹುಡುಗಿಯನ್ನು ಕೇಳಿದೆ.

ಅಫಿಡವಿಟ್ಟಿನಲ್ಲಿ 'ಹದಿಮೂರು' ಹೊಡೆದು 'ಹದಿನಾಲ್ಕು' ಬರೆದೆ. ತಿದ್ದಿದ ಕಡೆ ರುಜು ಹಾಕಬೇಕು, ಅಜ್ಜ ಹೇಳಿಕೊಟ್ಟಿದ್ದ. ಹಾಕಿದೆ. ಹದಿನಾಲ್ಕನೆಯ ಹಾಳೆಯನ್ನು ಈಗಿನ ಅಕ್ಷರದಲ್ಲಿ ಬಿಡಿಸಿ ಬರೆದು ಜೊತೆಗೆ ಸೇರಿಸಿದೆ, ಪದ ಪದಕ್ಕೂ ಜಾಗ ಬಿಟ್ಟು. ಎಲ್ಲವನ್ನೂ ಪ್ರದೀಪನಿಗೂ ವಕೀಲರಿಗೂ ಒಟ್ಟಿಗೆ ಕಳಿಸಿದೆ.

ಮೇ ೨, ಶುಕ್ರವಾರ

ಪ್ರದೀಪ ಬೆಳಗ್ಗೆ ಮೂರು ಸಲ ಫೋನು ಮಾಡಿದ. ಮೊದಲ ಸಲ ಬೈದ, ಎರಡನೆಯ ಸಲ ಅತ್ತ. ಮೂರನೆಯ ಸಲ, "ಅಷ್ಟಮಿ ದಿನ ನೀರು ಅಲ್ಲಿವರೆಗೆ ಬರೂದೇ ಇಲ್ಲ. ನಾ ದಿನಾ ನೋಡ್ತೆ. ಕಲ್ಲಿಗೆ ನೀರು ಮುಟ್ಟೂದು ಅಮಾಸೆಗೆ ಮಾತ್ರ. ಆ ಹೆಂಗಸ್ರು ಸರ್ಕಾರದ್ದು ತಿಂದು ಬಳೆ ಬರ್ದಿದ್ರು" ಅಂದ. ಅವನು ಹೇಳುವುದೇ ನಿಜವಿರಬಹುದು. ನಾಗಮ್ಮನ ಮಾತೂ ನಿಜವಿರಬಹುದು. ಇಬ್ಬರೂ ಅಲ್ಲೇ ಇರುವವರು, ನಾನು ಇಲ್ಲಿ ಇನ್ನೊಬ್ಬರ ಸಮುದ್ರದ ಮೇಲೆ ಕೂತವಳು. ಆಗಿನ ನೀರಿಗೂ ಈಗಿನ ನೀರಿಗೂ ವ್ಯತ್ಯಾಸ ಆಗಿರಲೂಬಹುದು, ಅದನ್ನು ಕವಾಗುಚಿ ಸಾನ್ ಹತ್ತಿರ ಕೇಳಬೇಕು. ಡಬ್ಬಿ ಕಟ್ಟುವುದು ಬಿಟ್ಟು ಕೂತು ಅವನಿಗೆ ಬರೆದು ಕಳಿಸಿದೆ. ಇಲ್ಲಿಯೂ ಒಂದು ನಕಲು ಇಟ್ಟುಕೊಳ್ಳುತ್ತೇನೆ.

ಪ್ರದೀಪ,

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಭೂಮಿ ಹೋದರೆ ನನ್ನ ಅರ್ಧವೂ ಹೋಗುತ್ತದೆ, ಅದು ನನಗೆ ಗೊತ್ತು. ೯ನೇ ತಾರೀಕು ನೀನು ಏನು ಹೇಳಬೇಕೋ ಹೇಳು, ಬೆವರು ಸುರಿಸಿದ್ದು ಹೇಳು, ಅಪ್ಪನದು ಹೇಳು. ಹದಿನಾಲ್ಕನೇ ಹಾಳೆ ಅಲ್ಲಿ ಇರಲಿ.

ಅದಕ್ಕೆ ಮೊದಲು ಒಂದು ಕೆಲಸ. ನಾಡಿದ್ದು ಭಾನುವಾರ ಅಷ್ಟಮಿ. ಹಗಲಿನ ಉಬ್ಬರ ತುಂಬುವ ಹೊತ್ತಿಗೆ ಕಲ್ಲಿನ ಹತ್ತಿರ ಹೋಗಿ ನಿಲ್ಲು. ಒಬ್ಬನೇ ಹೋಗಬೇಡ, ನಾಗಮ್ಮನನ್ನು ಕರೆದುಕೊಂಡು ಹೋಗು, ಅವಳಿಗೆ ಮಂಡಿನೋವು, ಕೈ ಹಿಡಿದು ದಾಟಿಸು. ಚಪ್ಪಲಿ ಬಿಟ್ಟು ನಿಲ್ಲು. ನೀರು ಕಲ್ಲು ಮುಟ್ಟಿತೋ, ಇಲ್ಲವೋ, ಇಬ್ಬರೂ ಒಟ್ಟಿಗೆ ಇನ್ನೊಂದು ಸಲ ನೋಡಿ ನನಗೆ ಹೇಳಿ.